ಒಂದು ಯುದ್ಧಚಿತ್ರದ ಉತ್ತರಾರ್ಧವನ್ನು ಕುರಿತು

2016ರಲ್ಲಿ ಹೊರಬಂದ ‘ಹ್ಯಾಕ್‌ಸಾ ರಿಡ್ಜ್’ ಎಂಬ ಚಲಚ್ಚಿತ್ರದ ವಿಷಯವಾಗಿ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಂದೆತಾಯಿಗಳಲ್ಲಿಯೂ ಎರಡು ಅಭಿಪ್ರಾಯಗಳಿರುವುದನ್ನು ನಾವು ಬಲ್ಲೆವು. ಪೂರ್ವಾರ್ಧವನ್ನು ಅನೇಕರು ಮೆಚ್ಚುತ್ತಾರೆ. ಉತ್ತರಾರ್ಧವಾದರೋ ರಕ್ತಮಯವಾದದ್ದು, ಕ್ರಿಸ್ತೀಯ ಮನೆತನದವರು ನೋಡತಕ್ಕದ್ದಲ್ಲ ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಕಥೆಯು ನಡೆದ ಸಂಗತಿಯೇ. ಅಮೇರಿಕೆಯ ವರ್ಜೀನಿಯಾ ಸಂಸ್ಥಾನದ ಡೆಸ್ಮಂಡ್ ಡಾಸನು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವನು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ಸೇರಿದರೂ, ಕೊಲೆಯನ್ನು ನಿಷೇಧಿಸುವ ದೈವಾಜ್ಞೆಗೆ ಅಂಜಿ ಬಂದೂಕನ್ನು ಮುಟ್ಟಲೊಲ್ಲೆನೆಂದನು. ಗಾಯಾಳುಗಳ ಶುಶ್ರೂಷೆಯನ್ನು ಬೇಡಿಕೊಂಡನು. ಪೂರ್ವಾರ್ಧದಲ್ಲಿ ಅವನ ಬಾಲ್ಯ, ಪ್ರೇಮ, ಶಿಬಿರದಲ್ಲಿ ಉಂಡ ಪೆಟ್ಟು, ಸೈನಿಕ ನ್ಯಾಯಾಲಯದ ವಿಚಾರಣೆ ಇವು ಬರುತ್ತವೆ. ಉತ್ತರಾರ್ಧವು 1945ರಲ್ಲಿ ಜಪಾನಿನ ಓಕಿನಾವಾ ದ್ವೀಪದ ಕಡಿದಾದ ಬಂಡೆಯ ಮೇಲೆ ನಡೆದ ಕಾಳಗ.

ಚಿತ್ರವು ನ್ಯಾಯಾಲಯದಲ್ಲಿಯೇ ಮುಗಿದಿದ್ದರೆ, ಒಬ್ಬ ತರುಣನು ತನ್ನ ಹಟವನ್ನು ಸಾಧಿಸಿಕೊಂಡನೆಂದಷ್ಟೇ ನಾವು ತಿಳಿಯುತ್ತಿದ್ದೆವು. ಸಂಗಡಿಗರು ಅವನನ್ನು ಹೇಡಿಯೆಂದು ಹಳಿದರು. ತಮ್ಮ ಕೈಗಳು ರಕ್ತವಾಗುವಾಗ ಇವನ ಕೈಗಳು ಮಾತ್ರ ಶುದ್ಧವಾಗಿರಬೇಕೋ ಎಂಬ ಸಂದೇಹವು ಅವರದಾಗಿದ್ದರೆ ಅದು ಅನ್ಯಾಯವಲ್ಲ. ಇದಕ್ಕೆ ಪೂರ್ವಾರ್ಧದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಆ ಬಂಡೆಯ ಮೇಲೆ. ಉಳಿದವರು ಹಿಂದೆಗೆದ ಮೇಲೂ ಅವನು ಅಲ್ಲಿಯೇ ನಿಂತು, ಗಾಯಾಳುಗಳನ್ನು ಒಬ್ಬೊಬ್ಬರಾಗಿ ಹಗ್ಗದಿಂದ ಕೆಳಗಿಳಿಸಿದನು. ಸರಕಾರದ ಲೆಕ್ಕದಂತೆ ಉಳಿದ ಪ್ರಾಣಗಳು 75. ಅವನ ಕೈಗಳಿಗೂ ರಕ್ತ ಹತ್ತಿತು. ಆದರೆ ಅದು ಅವನು ಚೆಲ್ಲಿಸಿದ್ದಲ್ಲ. ಸುರಂಗದಲ್ಲಿ ಕಂಡ ಶತ್ರುವಿನ ಗಾಯವನ್ನೂ ಅವನು ಕಟ್ಟುವುದನ್ನು ಚಿತ್ರವು ತೋರಿಸುತ್ತದೆ.

ಗಾಯಗಳನ್ನು ಅಷ್ಟೊಂದು ತೋರಿಸಬೇಕಾಗಿತ್ತೇ ಎಂದು ಕೇಳುವವರುಂಟು. ಎಳೆಯ ಮಕ್ಕಳಿಗೆ ಇದು ತಕ್ಕದ್ದಲ್ಲವೆಂಬುದು ನಿಜ. ಪ್ರಾಯದವರಿಗಾದರೋ ನಾವು ಸಮಾರ್ಯದವನ ಸಾಮ್ಯವನ್ನು ನೆನಪಿಗೆ ತರುವೆವು. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಕಾಣದವರಂತೆ ಹೋದವರು ಕೆಟ್ಟವರಲ್ಲ, ಭಕ್ತರೇ. ನರ್ಸುಗಳಾಗಿ ದುಡಿಯುತ್ತಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು: ಗಾಯವನ್ನು ನೋಡಲಾರದವಳು ಅದನ್ನು ಕಟ್ಟಲಾರಳು.

ಉತ್ತರಾರ್ಧದಲ್ಲಿ ನಾವು ಕಾಣುವ ಕುಂದು ಬೇರೆ. ಅದು ತೋರಿಸಿದ್ದು ಹೆಚ್ಚಾಯಿತೆಂದಲ್ಲ, ಕಡಿಮೆಯಾಯಿತೆಂದು. ಜಪಾನಿನವರು ಅಲ್ಲಿ ಬಹುಮಟ್ಟಿಗೆ ಮುಖವಿಲ್ಲದ ವೈರಿಗಳು. ದ್ವೀಪದ ಜನರಂತೂ ಲೆಕ್ಕಕ್ಕೇ ಇಲ್ಲ. ಅದೇ ಯುದ್ಧದಲ್ಲಿ ಓಕಿನಾವಾದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಿಂದಲೂ ಅದರೊಡನಿದ್ದ ಶಿಕ್ಷಕಿಯರ ತರಬೇತಿ ಶಾಲೆಯಿಂದಲೂ 222 ಮಂದಿ ವಿದ್ಯಾರ್ಥಿನಿಯರನ್ನೂ 18 ಮಂದಿ ಉಪಾಧ್ಯಾಯರನ್ನೂ ಸೈನ್ಯದ ಆಸ್ಪತ್ರೆಯ ಗುಹೆಗಳಿಗೆ ಶುಶ್ರೂಷೆಗೆಂದು ಕಳುಹಿಸಿದರು. ಹಿಮೆಯೂರಿ ದಳವೆಂದು ಅವರ ಹೆಸರು. ಅವರಲ್ಲಿ 136 ಮಂದಿ ತಿರುಗಿ ಬರಲಿಲ್ಲ. ಹಾಜರಿ ಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿಯುವ ನಾವು ಈ ಲೆಕ್ಕವನ್ನು ಸುಮ್ಮನೆ ಓದಿ ಮುಚ್ಚಲಾರೆವು.

ಆದಕಾರಣ ನಮ್ಮ ಅರಿಕೆ ಇಷ್ಟೇ. ಬೆಳೆದ ಹೆಣ್ಣುಮಕ್ಕಳೊಡನೆ ಈ ಚಿತ್ರವನ್ನು ನೋಡುವ ತಂದೆತಾಯಿಗಳು ನಡುವೆ ಎದ್ದುಹೋಗದಿರಲಿ. ಕಡೆಯ ತನಕ ನೋಡಿ, ದೀಪ ಹತ್ತಿಸಿದ ಮೇಲೆ ಚಿತ್ರವು ಹೇಳದೆ ಬಿಟ್ಟ ಆ ಹುಡುಗಿಯರ ಸಂಗತಿಯನ್ನೂ ಹೇಳಲಿ.