ಹಳೇ ಲ್ಯಾಪ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸೋ ಮುಂಚೆ

ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮಲ್ಲಿ ಬಹಳ ಜನರಿಗೆ ಇದೇ ಯೋಚನೆ. ಅಣ್ಣನೋ ಅಕ್ಕನೋ ಬಳಸಿ ಕೊಟ್ಟ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೊಸದು ಕೊಡ್ಸಿ ಅಂತ ಮನೇಲಿ ಕೇಳೋಕೆ ಮನಸ್ಸು ಬರಲ್ಲ. ಹೊರಗಿಂದಲೇ ಒಂದು ಕಾರ್ಡ್ ಜೋಡಿಸಿದರೆ ಆಯ್ತಲ್ಲ? ಇದನ್ನೇ ಇಜಿಪಿಯು ಅಂತಾರೆ. ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಗೇಮ್ ಆಡೋಕೆ ಅಂತ ಇದಕ್ಕೆ ದುಡ್ಡು ಹಾಕಬೇಡಿ ಅನ್ನೋದು ನಮ್ಮ ಖಚಿತ ಅಭಿಪ್ರಾಯ.

ಕಾರಣ ಪ್ರೊಸೆಸರ್. 2016ರ ಐ5-7200ಯು ತಗೊಳ್ಳಿ: 2 ಕೋರ್, 4 ಥ್ರೆಡ್, 15 ವ್ಯಾಟ್. ಗೇಮ್‌ನಲ್ಲಿ ಯಾರು ಎಲ್ಲಿದ್ದಾರೆ, ಯಾವುದು ಯಾವುದಕ್ಕೆ ಡಿಕ್ಕಿ ಹೊಡೀತು, ಈಗ ಏನು ಬರೀಬೇಕು, ಇಷ್ಟನ್ನೂ ಲೆಕ್ಕ ಹಾಕಿ ಕಾರ್ಡಿಗೆ ಹೇಳುವುದು ಪ್ರೊಸೆಸರ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮಿಗೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್. ಪ್ರೊಸೆಸರೇ 25 ಮಿಲಿಸೆಕೆಂಡ್ ತಗೊಂಡರೆ 40 ಫ್ರೇಮಿಗಿಂತ ಮೇಲೆ ಹೋಗಲ್ಲ, ಕಾರ್ಡ್ ಯಾವುದೇ ಇರಲಿ. ಮೆಸ್ಸಿಗೆ ಎಷ್ಟೇ ದೊಡ್ಡ ಒಲೆ ತಂದರೂ ತರಕಾರಿ ಹೆಚ್ಚೋರು ಇಬ್ಬರೇ ಆದರೆ ಸಾಂಬಾರ್ ಹೊತ್ತಿಗೆ ಸರಿಯಾಗಿ ಆಗಲ್ಲ.

ಒಂದು ಲಾಭ ಇದೆ, ಒಪ್ಪಬೇಕು. ಒಳಗಿನ ಗ್ರಾಫಿಕ್ಸ್ ಸುಮ್ಮನಾದಾಗ ಅದು ತಿನ್ನುತ್ತಿದ್ದ ಪವರ್ ಕೋರ್‌ಗಳಿಗೆ ಸಿಗುತ್ತೆ. ಆದರೂ ಎರಡು ಕೋರ್ ನಾಲ್ಕಾಗಲ್ಲವಲ್ಲ.

ಇನ್ನು ದಾರಿ. ಡೆಸ್ಕ್‌ಟಾಪಿನ ಪಿಸಿಐಇ 3.0 ಸ್ಲಾಟಿನಲ್ಲಿ 16 ಲೇನ್. ಸೆಕೆಂಡಿಗೆ ಹತ್ತಿರ ಹತ್ತಿರ 16 ಜಿಬಿ. ಎಂ.2 ಸ್ಲಾಟಿಗೆ ಅಡಾಪ್ಟರ್ ಹಾಕಿದರೆ 4 ಲೇನ್, ಅಂದರೆ 4 ಜಿಬಿ. ಥಂಡರ್‌ಬೋಲ್ಟ್ 3ರಲ್ಲಿ ಹೆಸರಿಗೆ 40 ಗಿಗಾಬಿಟ್ ಅಂತಿದ್ದರೂ ಕಾರ್ಡಿನ ಪಾಲಿಗೆ ಬರೋದು 3 ಜಿಬಿಗಿಂತ ಕಡಿಮೆ. ವೈಫೈ ಸ್ಲಾಟಿನ ಅಡಾಪ್ಟರ್ ಒಂದೇ ಲೇನ್, ಆ ಕಡೆ ತಲೆ ಹಾಕಬೇಡಿ. ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡ್ತೀವಿ ಅಂದರೆ ಪ್ರತಿ ಫ್ರೇಮೂ ಇದೇ ದಾರಿಯಲ್ಲಿ ವಾಪಸ್ ಬರಬೇಕು. ಹಾಗಾಗಿ ಮಾನಿಟರ್ ಬೇರೆ ಬೇಕು, ಪವರ್ ಸಪ್ಲೈ ಬೇರೆ ಬೇಕು. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಥಂಡರ್‌ಬೋಲ್ಟ್ ಇದೆ ಅಂತಲ್ಲ. ಎಂ.2 ಸ್ಲಾಟಿನಲ್ಲಿ ಈಗಾಗಲೇ ಎಸ್‌ಎಸ್‌ಡಿ ಕೂತಿದ್ದರೆ ಅದಕ್ಕೂ ಬೇರೆ ಜಾಗ ಹುಡುಕಬೇಕು.

ಹಾಗಾದರೆ ಯಾರಿಗೆ ಉಪಯೋಗ? ಬ್ಲೆಂಡರ್‌ನಲ್ಲಿ ರೆಂಡರ್ ಮಾಡೋರಿಗೆ, ಕೂಡಾ ಬಳಸಿ ಮಾಡೆಲ್ ಟ್ರೇನ್ ಮಾಡೋರಿಗೆ. ಇಲ್ಲಿ ಡೇಟಾ ಒಮ್ಮೆ ಕಾರ್ಡಿನ ಮೆಮೊರಿಗೆ ಹೋದರೆ ಬಹುಪಾಲು ಕೆಲಸ ಅಲ್ಲೇ ನಡೆಯುತ್ತೆ. ಕಿರಿದಾದ ದಾರಿ ಅಷ್ಟಾಗಿ ಕಾಡಲ್ಲ. 12 ಜಿಬಿಯ ಆರ್‌ಟಿಎಕ್ಸ್ 3060 ಥರದ ಕಾರ್ಡ್ ಹಳೇ ಲ್ಯಾಪ್‌ಟಾಪಿನ ಪಕ್ಕದಲ್ಲೂ ಚೆನ್ನಾಗೇ ದುಡಿಯುತ್ತೆ. ಆದರೆ ಸಾವಿರಾರು ಜೆಪೆಗ್ ಫೈಲ್ ಬಿಚ್ಚಿ, ಅಳತೆ ಬದಲಿಸಿ ಕೊಡುವ ಕೆಲಸ ಸಾಮಾನ್ಯವಾಗಿ ಪ್ರೊಸೆಸರಿನದ್ದು. ಅದನ್ನ ಮೊದಲೇ ಮಾಡಿಟ್ಟುಕೊಳ್ಳದಿದ್ದರೆ ಇಲ್ಲೂ ಕಾರ್ಡ್ ಕಾಯ್ತಾ ಕೂರುತ್ತೆ.

ನಮ್ಮ ಸಲಹೆ ಇಷ್ಟು. ಮೊದಲು ಕೊಲ್ಯಾಬ್, ಕ್ಯಾಗಲ್‌ನಲ್ಲಿ ಪುಕ್ಕಟೆ ಸಿಗೋ ಜಿಪಿಯು ಬಳಸಿ ನೋಡಿ. ಬಹಳಷ್ಟು ಮಿನಿ ಪ್ರಾಜೆಕ್ಟ್‌ಗೆ ಅದೇ ಸಾಕು. ಸಾಲದಿದ್ದರೆ ಪ್ರಾಜೆಕ್ಟ್ ಟೀಮಿನ ನಾಲ್ಕೂ ಜನ ದುಡ್ಡು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಳ್ಳಿ. 2015ರ ಐ5-6500ನಲ್ಲೇ ನಿಜವಾದ 4 ಕೋರ್, 65 ವ್ಯಾಟ್ ಇದೆ. ಕೇಸಿನಲ್ಲಿ ಕಾರ್ಡ್ ಹಿಡಿಸುತ್ತಾ, ಪವರ್ ಸಪ್ಲೈ ತಡೆಯುತ್ತಾ ಅಂತ ನೋಡಿಕೊಂಡು ಒಂದೇ ಒಂದು ಕಾರ್ಡ್ ಹಾಕಿ, ಎಸ್‌ಎಸ್‌ಎಚ್ ಮೂಲಕ ನಾಲ್ಕೂ ಜನ ಸರದಿ ಮೇಲೆ ಬಳಸಿ. ಆಗ ಹಳೇ ಲ್ಯಾಪ್‌ಟಾಪ್ ಬರೀ ಕೀಬೋರ್ಡ್, ಪರದೆ ಆಗಿದ್ದರೂ ಸಾಕು.

ನಾಳೆ ಕಾರ್ಡನ್ನ ಬೇರೆ ಯಂತ್ರಕ್ಕೆ ಹಾಕಬಹುದು, ಇಲ್ಲವೇ ಜೂನಿಯರ್‌ಗಳಿಗೆ ಮಾರಬಹುದು. ಒಂದೇ ಲ್ಯಾಪ್‌ಟಾಪಿಗೆ ಅಂತ ತಂದ ಡಾಕಿಗೆ ಆ ಭಾಗ್ಯ ಕಡಿಮೆ. ಮನೆಯವರು ಕಷ್ಟಪಟ್ಟು ಕಳಿಸೋ ದುಡ್ಡು, ನಾಲ್ಕು ವರ್ಷ ಮುಗಿದ ಮೇಲೂ ಉಪಯೋಗಕ್ಕೆ ಬರೋ ಕಡೆ ಹೋಗಲಿ.