ಅಳಿವೆಯ ದಡದಲ್ಲಿ ವಿಜ್ಞಾನ

ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತೆಂದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ವಿದ್ಯಾರ್ಥಿಗಳು ಭೌತ, ರಸಾಯನ, ಜೀವಶಾಸ್ತ್ರಗಳ ಪ್ರಶ್ನೋತ್ತರಗಳನ್ನು ಕಂಠಸ್ಥ ಮಾಡುವುದನ್ನೇ ಪುನರಾವರ್ತನೆಯೆಂದು ಭಾವಿಸುವಂತಾಗಿರುವುದು ವಿಷಾದಕರವು. ಪಂಚಗಂಗಾವಳಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ತನ್ನ ಅಧಿಕ ಸಾಂದ್ರತೆಯಿಂದ ಸಿಹಿನೀರಿನ ಅಡಿಗೆ ಸರಿಯುವುದೂ, ಅದರಲ್ಲಿ ಕರಗಿದ ಸೋಡಿಯಂ ಕ್ಲೋರೈಡು ಅಯಾನುಗಳಾಗಿ ಬೇರ್ಪಟ್ಟಿರುವುದೂ, ಆ ಲವಣವನ್ನು ಬಹುಮಟ್ಟಿಗೆ ಬೇರಿನಲ್ಲಿಯೇ ತಡೆದು ಕಾಂಡ್ಲಾ ಗಿಡವು ಕೆಸರಿನಲ್ಲಿ ಬಾಳುವುದೂ ಒಂದೇ ದೋಣಿಯಲ್ಲಿ ಕುಳಿತು ಮನನ ಮಾಡಬಹುದಾದ ಮೂರು ಪಾಠಗಳಲ್ಲವೆ? ವೃತ್ತಿಯಿಂದ ವಿಜ್ಞಾನಿಯಲ್ಲದಿದ್ದರೂ ಕಣ್ಣಾರೆ ಕಂಡು ತಿಳಿಯುವ ಹಂಬಲದಿಂದ 'ಬಾಲಪ್ರಪಂಚ'ವನ್ನೂ, ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕನ್ನಡಿಗರಿಗಿತ್ತ ಶಿವರಾಮ ಕಾರಂತರು 1902ರಲ್ಲಿ ಜನಿಸಿದ್ದು ಇದೇ ಸೀಮೆಯ ಕೋಟದಲ್ಲಿ. ಅಧ್ಯಾಪಕರೆ, ವಾರಕ್ಕೊಂದು ಅಪರಾಹ್ನವನ್ನಾದರೂ ಬಿಡುವು ಮಾಡಿಕೊಂಡು ಮಕ್ಕಳನ್ನು ಅಳಿವೆಯ ದಡಕ್ಕೆ ಕರೆದೊಯ್ಯಿರಿ.