ಬಾಗಿಲು ಪೂರ್ವಕ್ಕಿದ್ದರೆ ಸಾಕೇ?



ಕುಷ್ಟಗಿ ಸೀಮೆಯ ಕುಟುಂಬವೊಂದು ಪರವೂರಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಮನೆ ಕಟ್ಟಿಸಿತು. ಬಳಿಕ ಯಾರದೋ ವಾಸ್ತು ಸಲಹೆ ನಂಬಿ ದಕ್ಷಿಣದ ಬಾಗಿಲನ್ನು ಮುಚ್ಚಿ, ಸಾಲ ಮಾಡಿ ಪೂರ್ವಕ್ಕೆ ಬಾಗಿಲಿಡಿಸಿತು. ಮನೆಯನ್ನು ಆಶೀರ್ವದಿಸಲು ಹೋದ ನಾನು ಆಕ್ಷೇಪಿಸಿದಾಗ ಯಜಮಾನರು ಬೈಬಲನ್ನೇ ತೆರೆದರು: "ಮೋಶೆ ಕಟ್ಟಿಸಿದ ಗುಡಾರದ ಬಾಗ್ಲಾನೂ ಪೂರ್ವಕ್ಕ ಇತ್ತಲ್ರಿ ಫಾದರ್?"

ಇತ್ತು, ನಿಜ. ಆದರೆ ಏಕೆ? ಆದಿಕಾಂಡದ 3ನೇ ಅಧ್ಯಾಯವನ್ನು ಓದಿರಿ. ಮನುಷ್ಯನನ್ನು ಹೊರದೂಡಿದ ದೇವರು ಏದೆನ್ ತೋಟದ ಪೂರ್ವಕ್ಕೆ ಕೆರೂಬಿಗಳನ್ನು ಕಾವಲಿಟ್ಟರು. ಗುಡಾರದ ಒಳತೆರೆಯ ಮೇಲಿದ್ದುದೂ ಅದೇ ಕೆರೂಬಿಗಳ ಚಿತ್ರ. ಪೂರ್ವದಿಂದ ಒಳಹೊಕ್ಕು ಪಶ್ಚಿಮಕ್ಕೆ ನಡೆಯುವುದೆಂದರೆ ಕಳೆದುಕೊಂಡ ತೋಟದತ್ತ ಮರಳುವುದು. ಅದು ಪಶ್ಚಾತ್ತಾಪದ ದಾರಿ, ಅದೃಷ್ಟದ ದಿಕ್ಕಲ್ಲ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇಗುಲವನ್ನು ಕಂಡವರಿಗೆ ಸೊಲೊಮೋನನ ದೇವಾಲಯದ ವಿನ್ಯಾಸ ಅಪರಿಚಿತವೆನಿಸದು: ಮುಂದೆ ಮಂಟಪ, ಕೊನೆಯಲ್ಲಿ ಕತ್ತಲು ತುಂಬಿದ ಗರ್ಭಗುಡಿ. ನಾಡಿನ ಶಿಲ್ಪಿಗಳ ಜ್ಞಾನದ ಬಗ್ಗೆ ನನಗೆ ಗೌರವವಿದೆ. ನನ್ನ ಆಕ್ಷೇಪಣೆ ಪವಿತ್ರಗ್ರಂಥವನ್ನು ಭಯದ ವ್ಯಾಪಾರಕ್ಕೆ ಸಾಕ್ಷಿಯಾಗಿ ಎಳೆಯುವವರ ಮೇಲೆ. ಉದ್ದ, ಅಗಲ, ಎತ್ತರ ಇಪ್ಪತ್ತಿಪ್ಪತ್ತು ಮೊಳವಿದ್ದ, ಅಪ್ಪಟ ಬಂಗಾರ ಹೊದಿಸಿದ ಆ ಗರ್ಭಗುಡಿಯಲ್ಲಿ ಮಂಜೂಷವಿತ್ತು. ಅದರೊಳಗೆ ಎರಡು ಕಲ್ಲಿನ ಹಲಗೆಗಳ ಹೊರತು ಬೇರೇನೂ ಇರಲಿಲ್ಲ. ಅಷ್ಟೆಲ್ಲ ವೈಭವ ಕಾಯುತ್ತಿದ್ದುದು ಕೊಲ್ಲದ, ಕದಿಯದ, ಸುಳ್ಳುಸಾಕ್ಷಿ ಹೇಳದ ಬಾಳಿನ ಕಟ್ಟಳೆಯನ್ನು!

ಆ ಕಟ್ಟಳೆ ಮುರಿದಾಗ ದಿಕ್ಕು ಕಾಪಾಡಿತೇ? ಪ್ರವಾದಿ ಯೆಜೆಕಿಯೇಲನ ಗ್ರಂಥದ 8ನೇ ಅಧ್ಯಾಯದಲ್ಲಿ ಸುಮಾರು ಇಪ್ಪತ್ತೈದು ಮಂದಿ ದೇವಾಲಯಕ್ಕೆ ಬೆನ್ನುಮಾಡಿ ಪೂರ್ವಕ್ಕೇ ಮುಖಮಾಡಿ ಸೂರ್ಯನಿಗೆ ಅಡ್ಡಬೀಳುತ್ತಾರೆ. ಮುಂದೆ ದೇವರ ಮಹಿಮೆ ಹೊರಟುಹೋದದ್ದೂ ಅದೇ ಪೂರ್ವದ ಬಾಗಿಲಿನಿಂದ. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನವರು ಆ ದೇವಾಲಯವನ್ನೇ ಸುಟ್ಟರು. ಬಾಗಿಲು ಮಾತ್ರ ಕೊನೆಯವರೆಗೂ ಪೂರ್ವಕ್ಕೇ ಇತ್ತು.

ಕೊಪ್ಪಳ, ಗಂಗಾವತಿಯ ಬಂಧುಗಳೇ, ಹೊಸ ಮನೆಗೆ ನಿಮ್ಮ ಗಾಳಿ-ಬೆಳಕು, ನಿಮ್ಮ ಅನುಕೂಲ ನೋಡಿ ಬಾಗಿಲಿಡಿ. ಕಟ್ಟಿದವರ ಕೂಲಿ ಬಾಕಿಯಿದೆಯೇ, ಮುಪ್ಪಿನ ತಾಯಿಗೆ ಅಲ್ಲೊಂದು ಮೂಲೆಯಿದೆಯೇ ಎಂದು ಕೇಳಿಕೊಳ್ಳಿ. ಮಂಜೂಷದ ಹಲಗೆಗಳು ಕೇಳುವುದು ಅದನ್ನೇ.

ತಪ್ಪು ನಮ್ಮದೂ ಹೌದು. ತೀರ್ಥ ಚಿಮುಕಿಸಿ, ಊಟ ಮುಗಿಸಿ, ಸುಮ್ಮನೆ ಮರಳುವ ಗುರುಗಳು ನಾವು. ನನ್ನ ವಿವರಣೆಯನ್ನೆಲ್ಲ ಕೇಳಿದ ಆ ಯಜಮಾನರು, "ಇದನ್ನ ಮೊದಲ ಹೇಳಬೇಕಿತ್ರಿ" ಎಂದಷ್ಟೇ ನುಡಿದರು. ಅವರ ಸಾಲ ಇನ್ನೂ ತೀರಿಲ್ಲ.